ಕುಂಟುವ ಎತ್ತು: ಬರೆಗೆ ಮೊದಲು ಗೊರಸು ನೋಡಿ

ಬೆದ್ದಲು ಬೇಸಾಯದವರಿಗೆ ಎತ್ತು ಕುಂಟಿತು ಅಂದ್ರೆ ಅದು ಬರೀ ಎತ್ತಿನ ಕಾಯಿಲೆ ಅಲ್ಲ. ಮಳೆ ಬಿದ್ದ ಮೇಲೆ ನಮ್ಮ ನೆಲದಲ್ಲಿ ಬಿತ್ತನೆಗೆ ಹದ ಇರೋದು ಮೂರು ನಾಲ್ಕು ದಿನ. ಅಷ್ಟರಲ್ಲಿ ಕೂರಿಗೆ ಹೂಡದಿದ್ದರೆ ಶೇಂಗಾ ಹೋಯಿತು, ಇನ್ನೊಂದು ಮಳೆಗೆ ಕಾಯಬೇಕು. ಬಾಡಿಗೆ ಟ್ರ್ಯಾಕ್ಟರ್ ಎಲ್ಲರಿಗೂ ಅದೇ ಮೂರು ದಿನದಲ್ಲೇ ಬೇಕು. ಹೀಗಾಗಿ ಎತ್ತು ಕಾಲೆಳೆಯಲು ಶುರುಮಾಡಿದ ಕೂಡಲೇ ನಾವು ಗಾಬರಿ ಬೀಳ್ತೇವೆ. ಗಾಬರಿಯಲ್ಲಿ ಮಾಡುವ ಮೊದಲ ಕೆಲಸ, ಬರೆ ಹಾಕುವವರನ್ನು ಕರೆಸುವುದು. ರೆಟ್ಟೆ ಮೇಲೋ ತೊಡೆ ಮೇಲೋ ಕಾದ ಕಬ್ಬಿಣದಲ್ಲಿ ಗೀಟು ಎಳೆಸುವುದು.

ನಮ್ಮೂರ ಸುತ್ತ ಹೀಗೆ ಬರೆ ಬಿದ್ದ ಎತ್ತುಗಳನ್ನು ಬಹಳ ನೋಡಿದ್ದೇನೆ. ಒಂದು ಎತ್ತಿಗೆ ರೆಟ್ಟೆಯಲ್ಲಿ ಮೂರು ಬರೆ ಇತ್ತು, ಆದರೂ ಕುಂಟು ಹೋಗಿರಲಿಲ್ಲ. ಲಾಳ ಕಟ್ಟುವವನು ಕೆಡವಿ ನೋಡಿದರೆ ಗೊರಸಿನ ಸಂದಿನಲ್ಲಿ ಒಂದಂಗುಲ ಉದ್ದದ ಜಾಲಿ ಮುಳ್ಳು! ನೋವು ಇದ್ದದ್ದು ತಳದಲ್ಲಿ, ಬರೆ ಬಿದ್ದದ್ದು ಮೇಲೆ.

ಈ ಲೇಖನದಲ್ಲಿ ನಾನು ಹೇಳೋದು ಇಷ್ಟೇ. ಮದ್ದಿಗೆ ಮೊದಲು ನೋವು ಎಲ್ಲಿದೆ ಅಂತ ಹುಡುಕಿ. ಹುಡುಕುವುದನ್ನು ಗೊರಸಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಇದಕ್ಕೆ ಓದು ಬೇಕಿಲ್ಲ, ಅರ್ಧ ಗಂಟೆ ಸಮಾಧಾನ ಬೇಕು.

ಯಾವ ಕಾಲು?

ಇದೇನು ದೊಡ್ಡ ವಿಷಯ ಅನ್ನಬೇಡಿ. ನೋವಿಲ್ಲದ ಕಾಲನ್ನೇ ನೋವಿನ ಕಾಲು ಅಂತ ತಿಳಿಯುವವರು ಎಷ್ಟೋ ಜನ.

ಎತ್ತನ್ನು ಬೇರೆಯವರ ಕೈಲಿ ಹಿಡಿಸಿ, ಹಗ್ಗ ಸಡಿಲ ಬಿಟ್ಟು, ಗಟ್ಟಿ ನೆಲದ ಮೇಲೆ ನಿಧಾನ ನಡೆಸಿ. ನೀವು ಮುಂದೆ ನಿಂತು ತಲೆ ನೋಡಿ. ಮುಂಗಾಲಿನಲ್ಲಿ ನೋವಿದ್ದರೆ, ಆ ಕಾಲು ನೆಲಕ್ಕೆ ಊರುವಾಗ ಎತ್ತು ತಲೆ ಮೇಲೆತ್ತುತ್ತದೆ. ಭಾರ ಬೀಳಬಾರದು ಅಂತ ಅದರ ಉಪಾಯ. ಒಳ್ಳೆಯ ಕಾಲು ಊರುವಾಗ ತಲೆ ತಗ್ಗಿಸುತ್ತದೆ. ನಾವು ತಲೆ ತಗ್ಗಿದ್ದನ್ನು ನೋಡಿ 'ಇದೇ ಕಾಲು' ಅಂತೇವೆ. ಅಲ್ಲೇ ಮೋಸ ಹೋಗೋದು.

ಹಿಂಗಾಲಿಗೆ ಹಿಂದೆ ನಿಂತು ಸೊಂಟ ನೋಡಿ. ನೋವಿನ ಕಾಲು ಊರಿದಾಗ ಆ ಕಡೆಯ ಸೊಂಟದ ಮೂಳೆ ಹೆಚ್ಚು ಮೇಲೇಳುತ್ತದೆ. ಆ ಕಾಲಿನ ಹೆಜ್ಜೆಯೂ ಗಿಡ್ಡ.

ಆಮೇಲೆ ಅದೇ ಎತ್ತನ್ನು ಉತ್ತ ಹೊಲದ ಮೆತ್ತನೆ ಮಣ್ಣಲ್ಲಿ ನಡೆಸಿ. ಗಟ್ಟಿ ನೆಲದಲ್ಲಿ ಹೆಚ್ಚು ಕುಂಟಿ ಮೆತ್ತನೆ ನೆಲದಲ್ಲಿ ಕಡಿಮೆಯಾದರೆ ನೋವು ಗೊರಸಿನಲ್ಲಿರುವುದೇ ಹೆಚ್ಚು. ಮೆತ್ತನೆ ನೆಲದಲ್ಲಿ ಕಾಲು ಎತ್ತಿ ಹಾಕಲು ಕಷ್ಟಪಟ್ಟರೆ ಮೇಲಿನ ಮಾಂಸಖಂಡ, ರೆಟ್ಟೆ, ತೊಡೆಯ ಕಡೆ ಅನುಮಾನ ಪಡಬೇಕು.

ಗೊರಸಿನಿಂದ ಮೇಲಕ್ಕೆ

ದನಗಳ ಕುಂಟಿನಲ್ಲಿ ಬಹುಪಾಲು ಗೊರಸಿನದ್ದು. ಆದರೆ ಸಗಣಿ, ಕೆಸರು ಮೆತ್ತಿದ ಗೊರಸನ್ನು ಯಾರೂ ಎತ್ತಿ ನೋಡುವುದಿಲ್ಲ. ಮೊದಲು ಒಂದು ಕೊಡ ನೀರು ಸುರಿದು ತೊಳೆಯಿರಿ. ಒರೆಸಿ. ಎರಡು ಗೊರಸಿನ ಸಂದಿಗೆ ಬಟ್ಟೆ ಹಾಕಿ ಎಳೆದು ನೋಡಿ. ಮುಳ್ಳು, ಕಲ್ಲಿನ ಚೂರು, ಮೊಳೆ, ಗಾಜು ಇದ್ದರೆ ಸಿಗುತ್ತದೆ.

ಕಣ್ಣಿಗೆ ಏನೂ ಕಾಣದಿದ್ದರೆ ಇಕ್ಕಳ ತಗೊಂಡು ಗೊರಸಿನ ಅಂಚನ್ನೂ ಅಡಿಯನ್ನೂ ಸ್ವಲ್ಪ ಸ್ವಲ್ಪ ಜಾಗ ಬಿಟ್ಟು ಒತ್ತುತ್ತಾ ಬನ್ನಿ. ನೋವಿನ ಜಾಗ ಬಂದ ಕೂಡಲೇ ಎತ್ತು ಕಾಲು ಕಿತ್ತುಕೊಳ್ಳುತ್ತದೆ. ಅದೇ ಜಾಗ ಇನ್ನೊಮ್ಮೆ ಒತ್ತಿ. ಮತ್ತೆ ಕಿತ್ತುಕೊಂಡರೆ ಅನುಮಾನ ಬೇಡ. ಗೊರಸು ಮುಟ್ಟಿದರೆ ಬಿಸಿ ಇದೆಯಾ ಅಂತ ಬೇರೆ ಕಾಲಿನ ಜೊತೆ ಹೋಲಿಸಿ ನೋಡಿ.

ಅಡಿಯಲ್ಲಿ ಕರೀ ಚುಕ್ಕೆ ಕಂಡರೆ ಒಳಗೆ ಕೀವು ಇರಬಹುದು. ಗೊರಸು ಕೆತ್ತುವ ಅನುಭವ ಇದ್ದವರ ಕೈಲಿ ಚೂಪು ಕತ್ತಿಯಿಂದ ಆ ಜಾಗ ಸ್ವಲ್ಪ ಬಿಡಿಸಬೇಕು. ಕೀವು ಹೊರಬಂದ ಕೂಡಲೇ ಎತ್ತು ಕಾಲು ಊರಲು ಶುರುಮಾಡುತ್ತದೆ. ತೊಳೆದು ಟಿಂಚರ್ ಅಯೋಡಿನ್ ಹಾಕಿ, ಬಟ್ಟೆ ಕಟ್ಟಿ ಒಣ ಜಾಗದಲ್ಲಿ ಕಟ್ಟಿ. ರಕ್ತ ಬರುವ ಹಾಗೆ ಕೆತ್ತಬಾರದು.

ಹೊಸ ಲಾಳ ಕಟ್ಟಿದ ದಿನ ಅಥವಾ ಎರಡು ಮೂರು ದಿನಕ್ಕೆ ಕುಂಟು ಶುರುವಾದರೆ ಮೊಳೆ ಹಸಿ ಮಾಂಸಕ್ಕೆ ತಾಗಿದೆ ಅಂತಲೇ ತಿಳಿಯಬೇಕು. 'ಎರಡು ದಿನದಲ್ಲಿ ಸರಿಹೋಗ್ತದೆ' ಅಂತ ಬಿಡಬೇಡಿ. ಆ ಮೊಳೆ ಕೀಳಿಸಿ, ತೂತಿಗೆ ಟಿಂಚರ್ ಬಿಡಿ.

ಮಳೆಗಾಲದಲ್ಲಿ ಕೆಸರು, ಗಂಜಲದಲ್ಲಿ ನಿಂತು ಗೊರಸಿನ ಸಂದು ಕೊಳೆತು ನಾತ ಬರುತ್ತದೆ. ಇದಕ್ಕೆ ಮೈಲುತುತ್ತದ ನೀರು ಒಳ್ಳೆಯದು. 10 ಲೀಟರ್ ನೀರಿಗೆ ಅರ್ಧ ಕಿಲೋ ಮೈಲುತುತ್ತ ಕರಗಿಸಿ, ತೊಳೆದ ಕಾಲನ್ನು ಅದರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಕೆಲಸ ಮುಗಿದ ಮೇಲೆ ಆ ನೀರನ್ನು ದನ, ಕುರಿ ಕುಡಿಯದ ಕಡೆ ಗುಂಡಿ ತೋಡಿ ಚೆಲ್ಲಿ. ಕುರಿಗೆ ಮೈಲುತುತ್ತ ಬಹಳ ಬೇಗ ವಿಷವಾಗ್ತದೆ.

ಒಂದೇ ಕಾಲಲ್ಲ, ಎರಡು ಮೂರು ಕಾಲಿನ ಸಂದಿನಲ್ಲೂ ಗುಳ್ಳೆ, ಬಾಯಲ್ಲಿ ಜೊಲ್ಲು, ನಾಲಗೆ ಮೇಲೆ ಹುಣ್ಣು ಇದ್ದರೆ ಅದು ಕಾಲುಬಾಯಿ ಜ್ವರ. ಆ ಎತ್ತನ್ನು ಬೇರೆ ಕಟ್ಟಿ, ಸಂತೆಗೆ, ಕೆರೆಗೆ ಹೊಡೆಯಬೇಡಿ. ಹುಣ್ಣಿಗೆ ನೊಣ ಕೂತು ಹುಳ ಬೀಳದ ಹಾಗೆ ನೋಡಿಕೊಳ್ಳಿ. ಇದಕ್ಕೆ ಲಸಿಕೆ 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪುಕ್ಕಟೆ ಹಾಕ್ತಾರೆ. ಊರಿಗೆ ಬಂದಾಗ 'ಉಳುಮೆ ಕೆಟ್ಟುಹೋಗ್ತದೆ' ಅಂತ ಎತ್ತನ್ನು ಹೊಲಕ್ಕೆ ಅಟ್ಟಿಬಿಡಬೇಡಿ.

ತಡ ಮಾಡಿದರೆ ಉಳಿಯದ ಕುಂಟು

ಗೊರಸಿನಲ್ಲಿ ಏನೂ ಸಿಗದಿದ್ದರೆ ಜ್ವರ ನೋಡಬೇಕು. ಒಂದು ಥರ್ಮಾಮೀಟರ್ ಪ್ರತಿ ರೈತನ ಮನೇಲಿ ಇರಲಿ. ಎತ್ತನ್ನು ನೆರಳಿನಲ್ಲಿ ಒಂದು ಗಂಟೆ ಕಟ್ಟಿ, ಆಮೇಲೆ ಗುದದ್ವಾರದಲ್ಲಿ ಎರಡು ನಿಮಿಷ ಇಟ್ಟು ನೋಡಿ. ಬಿಸಿಲಲ್ಲಿ ಹೂಡಿ ಬಂದ ಕೂಡಲೇ ನೋಡಿದರೆ ಲೆಕ್ಕ ತಪ್ಪುತ್ತದೆ. ದನಕ್ಕೆ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದರೆ ಆ ಕುಂಟು ಉಳುಕಲ್ಲ, ರೋಗ.

ಇದರಲ್ಲಿ ಕ್ರೂರವಾದದ್ದು ಚಪ್ಪೆ ರೋಗ. ಇದು ಮಾಂಸಖಂಡದ ರೋಗ. ಆರು ತಿಂಗಳಿಂದ ಎರಡು ಮೂರು ವರ್ಷದೊಳಗಿನ, ಮೈ ತುಂಬಿಕೊಂಡ ಹೋರಿ, ಕಡಸುಗಳಿಗೇ ಹೆಚ್ಚು. ಮುಂಗಾರು ಶುರುವಾಗುವ ಕಾಲಕ್ಕೆ ಬರುತ್ತದೆ. ನಿನ್ನೆ ಸಂಜೆ ಚೆನ್ನಾಗಿದ್ದ ಹೋರಿ ಬೆಳಗ್ಗೆ ಕಾಲು ಎತ್ತಿ ಇಡುವುದಿಲ್ಲ. ಮೇವು ಬಿಡುತ್ತದೆ, ಜ್ವರ ಏರುತ್ತದೆ. ತೊಡೆ, ಸೊಂಟ ಅಥವಾ ರೆಟ್ಟೆಯಲ್ಲಿ ಬಾವು. ಮೊದಲು ಬಾವು ಬಿಸಿ, ಮುಟ್ಟಿದರೆ ನೋವು. ಆಮೇಲೆ ಅದೇ ಬಾವು ತಣ್ಣಗಾಗುತ್ತದೆ, ಒತ್ತಿದರೂ ನೋವಿಲ್ಲ. ಒತ್ತಿದಾಗ ಒಳಗೆ ಹಪ್ಪಳ ಮುರಿದ ಹಾಗೆ ಚರಚರ ಸದ್ದು. ಒಳಗೆ ಗಾಳಿ ತುಂಬಿದ್ದರ ಗುರುತು ಅದು.

ಇಲ್ಲಿ ನಮ್ಮ ಜನ ಮೋಸ ಹೋಗೋದು ಎರಡು ಕಡೆ. ಬಾವು ತಣ್ಣಗಾಯಿತು, ನೋವಿಲ್ಲ ಅಂದ್ರೆ ಗುಣ ಆಗ್ತಿದೆ ಅಂತ ತಿಳೀತಾರೆ. ಅದು ಗುಣ ಅಲ್ಲ, ಆ ಮಾಂಸ ಸತ್ತಿದೆ ಅಂತ ಅರ್ಥ. ಇನ್ನೊಂದು, ಬಾವಿಗೆ ಬರೆ ಹಾಕಿ ನಾಳೆ ನೋಡೋಣ ಅಂತಾರೆ. ಈ ರೋಗದಲ್ಲಿ ನಾಳೆ ಅನ್ನೋದು ಇಲ್ಲ. ಶುರುವಾದ ಒಂದೆರಡು ದಿನದಲ್ಲಿ, ಕೆಲವೊಮ್ಮೆ ಅರ್ಧ ದಿನದಲ್ಲೇ ಸಾಯುತ್ತದೆ. ಶುರುವಿನಲ್ಲೇ ಡಾಕ್ಟರು ಬಂದು ದೊಡ್ಡ ಪ್ರಮಾಣದಲ್ಲಿ ಪೆನ್ಸಿಲಿನ್ ಕೊಟ್ಟರೆ ಕೆಲವು ಉಳಿಯುತ್ತವೆ.

ಸತ್ತ ದನವನ್ನು ಸುಲಿಯಬೇಡಿ, ಕೊಯ್ಯಬೇಡಿ. ಇದರ ಬೀಜಾಣು ಮಣ್ಣಿನಲ್ಲಿ ಬಹಳ ವರ್ಷ ಬದುಕಿರುತ್ತದೆ. ಆಳು ಮುಳುಗುವಷ್ಟು ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಬೇಕು. ಇಲ್ಲದಿದ್ದರೆ ಆ ಹುಲ್ಲುಗಾವಲಿಂದ ಮುಂದಿನ ವರ್ಷ ಮತ್ತೊಂದು ಹೋಗ್ತದೆ. ಇದಕ್ಕೆ ಗಟ್ಟಿ ಮದ್ದು ಅಂದರೆ ಮುಂಗಾರಿಗೆ ಮೊದಲು ಲಸಿಕೆ. ಆರು ತಿಂಗಳು ದಾಟಿದ ಕರುವಿನಿಂದ ಹಿಡಿದು ವರ್ಷಕ್ಕೊಮ್ಮೆ.

ಜ್ವರವೂ ಇದೆ, ಕುಂಟೂ ಇದೆ, ಆದರೆ ಬಾವು ಎಲ್ಲೂ ಇಲ್ಲ, ಇವತ್ತು ಒಂದು ಕಾಲು, ನಾಳೆ ಇನ್ನೊಂದು ಕಾಲು ಅಂದರೆ ಅದು ಮೂರು ದಿನದ ಜ್ವರ ಇರಬಹುದು. ಸೊಳ್ಳೆ, ನುಸಿಗಳಿಂದ ಹರಡುವ ರೋಗ. ಮೈ ನಡುಕ, ಕೀಲು ಬಿಗಿತ, ಕೆಲವು ಮಲಗಿಯೇ ಬಿಡುತ್ತವೆ. ನೋಡಿದರೆ ಭಯ ಆಗ್ತದೆ, ಆದರೆ ಬಹುಪಾಲು ಮೂರು ನಾಲ್ಕು ದಿನಕ್ಕೆ ಏಳುತ್ತವೆ. ಇದರಲ್ಲಿ ಒಂದು ಎಚ್ಚರ. ಗೊಟ್ಟದಲ್ಲಿ ಕಷಾಯ, ಎಣ್ಣೆ, ಗಂಜಿ ಹಾಕಬೇಡಿ. ಈ ಜ್ವರದಲ್ಲಿ ದನಕ್ಕೆ ನುಂಗಲು ಕಷ್ಟ. ಹಾಕಿದ್ದು ಶ್ವಾಸಕೋಶಕ್ಕೆ ಇಳಿದು ಎತ್ತು ಸಾಯುತ್ತದೆ. ಜ್ವರ ಬಿಟ್ಟರೂ ಒಂದು ವಾರ ನೊಗ ಹೂಡಬೇಡಿ.

ಉಳುಕು: ಮೊದಲು ತಣ್ಣೀರು, ಆಮೇಲೆ ಬಿಸಿ

ಗೊರಸೂ ಸರಿ, ಜ್ವರವೂ ಇಲ್ಲ. ಆಗ ಕೀಲುಗಳನ್ನು ಒಂದೊಂದಾಗಿ ಮುಟ್ಟಿ ಮೇಲಕ್ಕೆ ಬನ್ನಿ. ಗೆಣ್ಣು, ಮಂಡಿ, ರೆಟ್ಟೆ ಅಥವಾ ತೊಡೆ. ಎಡಕ್ಕೂ ಬಲಕ್ಕೂ ಹೋಲಿಸಿ. ಬಿಸಿ, ಬಾವು, ಮಡಿಸಿದರೆ ನೋವು, ಮೂರೂ ಇದ್ದ ಕಡೆ ಉಳುಕು ಇದೆ. ಕಲ್ಲು ನೆಲದಲ್ಲಿ ಕಾಲು ಹೊರಳಿದಾಗ, ಗಾಡಿ ಹೇರು ಎಳೆಯುವಾಗ ಜಾರಿದಾಗ ಆಗುವಂಥದ್ದು.

ಉಳುಕಿದ ಮೊದಲ ದಿನ, ಎರಡನೇ ದಿನ ತಣ್ಣೀರು. ಒಂದು ಸಲಕ್ಕೆ 15-20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ನೀರು ಬಿಡಿ, ಇಲ್ಲವೆ ಒದ್ದೆ ಗೋಣಿ ಸುತ್ತಿ. ಒಳಗೆ ಸಣ್ಣ ರಕ್ತನಾಳ ಹರಿದು ರಕ್ತ, ನೀರು ಸೋರ್ತಾ ಇರುತ್ತದೆ. ತಣ್ಣೀರು ಅದನ್ನು ತಡೆಯುತ್ತದೆ. ಅದೇ ಹೊತ್ತಿಗೆ ಬಿಸಿ ಕಾವು ಕೊಟ್ಟು ಎಣ್ಣೆ ಹಾಕಿ ತಿಕ್ಕಿದರೆ ಬಾವು ಇನ್ನೂ ಹೆಚ್ಚುತ್ತದೆ. ಮೂರನೇ ದಿನದಿಂದ ಬಿಸಿ ಕಾವು. ಬಿಸಿ ನೀರು ನಿಮ್ಮ ಮೊಣಕೈ ತಡೆಯುವಷ್ಟು ಇರಲಿ, ಹೆಚ್ಚು ಬೇಡ. ಕಾವು ರಕ್ತ ಓಡಾಟ ಹೆಚ್ಚಿಸಿ ಬಾವು ಇಳಿಸುತ್ತದೆ. ಆಗ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಬಹುದು.

ಇದೆಲ್ಲಕ್ಕಿಂತ ದೊಡ್ಡ ಮದ್ದು ವಿಶ್ರಾಂತಿ. ಸಣ್ಣ ಉಳುಕಿಗೆ ಹತ್ತು ಹದಿನೈದು ದಿನ, ದೊಡ್ಡದಕ್ಕೆ ತಿಂಗಳು. ಕುಂಟು ನಿಂತ ದಿನವೇ ಹೂಡಿದರೆ ಅರ್ಧ ಕೂಡಿದ ನರ ಮತ್ತೆ ಹರಿಯುತ್ತದೆ, ಆಮೇಲೆ ಅದು ಜನ್ಮದ ಕುಂಟು.

ಈಗ ಬರೆಯ ಮಾತಿಗೆ ಬರೋಣ. 'ಬರೆ ಹಾಕಿದ ಮೇಲೆ ವಾಸಿ ಆಗಿದ್ದು ನಾವೇ ನೋಡಿದ್ದೇವಲ್ಲ' ಅಂತ ಹಿರಿಯರು ಕೇಳ್ತಾರೆ. ನಿಜ, ಕೆಲವು ವಾಸಿ ಆಗ್ತವೆ. ಆದರೆ ಬರೆ ಹಾಕಿದ ಎತ್ತನ್ನು ಗಾಯ ಮಾಯುವವರೆಗೆ ಹದಿನೈದು ದಿನ ಯಾರೂ ಹೂಡುವುದಿಲ್ಲ. ಆ ಹದಿನೈದು ದಿನದ ವಿಶ್ರಾಂತಿ ಉಳುಕನ್ನು ವಾಸಿ ಮಾಡಿತು, ಹೆಸರು ಬರೆಗೆ ಬಂತು. ಬರೆ ಇಲ್ಲದೆ ಬರೀ ವಿಶ್ರಾಂತಿ ಕೊಟ್ಟಿದ್ದರೂ ಅಷ್ಟೇ ವಾಸಿ ಆಗ್ತಿತ್ತು. ಸುಟ್ಟ ಗಾಯ, ಹುಳ, ಕೀವು, ಕೆಟ್ಟ ಚರ್ಮ ಇವಿಷ್ಟು ಉಳೀತಿತ್ತು.

ಹಿಂಗಾಲು ಜಗ್ಗುವ ಎತ್ತು

ಕೆಲವು ಎತ್ತು ಬೆಳಗ್ಗೆ ಎದ್ದಾಗ ಹಿಂಗಾಲನ್ನು ನೆಟ್ಟಗೆ ಹಿಂದಕ್ಕೆ ಚಾಚಿ ಎಳೆಯುತ್ತವೆ, ಇಲ್ಲವೆ ಹೆಜ್ಜೆ ಹೆಜ್ಜೆಗೂ ಜಟಕ್ಕನೆ ಎತ್ತಿ ಹಾಕುತ್ತವೆ. ನಾಲ್ಕಾರು ಮಾರು ನಡೆದ ಮೇಲೆ ಕಡಿಮೆ ಆಗ್ತದೆ. ಚಳಿಗಾಲದಲ್ಲಿ ಹೆಚ್ಚು. ಬಾವು ಇಲ್ಲ, ಜ್ವರ ಇಲ್ಲ, ಮೇವು ಚೆನ್ನಾಗಿ ತಿನ್ನುತ್ತದೆ. ಇದನ್ನು ವಾಯು, ಸೆಳೆತ ಅಂತ ಹೇಳಿ ಎಷ್ಟೋ ದುಡ್ಡು ಖರ್ಚು ಮಾಡ್ತಾರೆ.

ಆಗಿರೋದು ಇಷ್ಟು: ಹಿಂಗಾಲ ಮಂಡಿಯ ಚಿಪ್ಪು, ತೊಡೆ ಮೂಳೆಯ ತುದಿಯ ಏಣಿನ ಮೇಲೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬಾಗಿಲ ಚಿಲಕ ಬಿದ್ದ ಹಾಗೆ. ಅದು ಬಿಡೋವರೆಗೆ ಕಾಲು ಮಡಿಸಲು ಬರೋದಿಲ್ಲ. ಇದಕ್ಕೆ ಎಣ್ಣೆ, ಕಷಾಯ, ಬರೆ ಯಾವುದೂ ತಾಗುವುದಿಲ್ಲ. ಪಶುವೈದ್ಯರು ಜಾಗ ಮರಗಟ್ಟಿಸಿ, ಚಿಪ್ಪಿನ ಒಳಮಗ್ಗುಲ ನರದಂಥ ಪಟ್ಟಿಯನ್ನು ಸಣ್ಣ ಗಾಯದಲ್ಲಿ ಕತ್ತರಿಸುತ್ತಾರೆ. ಕೆಲವು ನಿಮಿಷದ ಕೆಲಸ. ಬಹುಪಾಲು ಎತ್ತು ಅಲ್ಲಿಂದ ಎದ್ದ ಕೂಡಲೇ ಕಾಲು ಮಡಿಸಿ ನಡೆಯುತ್ತವೆ. ಗಾಯ ಮಾಯುವವರೆಗೆ ಕೊಟ್ಟಿಗೆ ಒಣಗಿರಲಿ.

ಸಂತೆಯಲ್ಲಿ ಎತ್ತು ಕೊಳ್ಳುವಾಗ ಇದನ್ನು ನೆನಪಿಡಿ. ದಲ್ಲಾಳಿ ಎತ್ತನ್ನು ಮೊದಲೇ ಓಡಾಡಿಸಿ ಬಿಸಿ ಮಾಡಿರುತ್ತಾನೆ. ಅರ್ಧ ಗಂಟೆ ಮಲಗಿಸಿ, ಎಬ್ಬಿಸಿ, ಮೊದಲ ಹತ್ತು ಹೆಜ್ಜೆ ನೋಡಿ. ಖಾಯಿಲೆ ಇದ್ದರೆ ಆ ಹತ್ತು ಹೆಜ್ಜೆಯಲ್ಲೇ ಕಾಣೋದು ಹೆಚ್ಚು.

ಮೂಳೆ ಮುರಿದರೆ, ಕೀಲು ತಪ್ಪಿದರೆ

ಮೂಳೆ ಮುರಿದ ಕಾಲನ್ನು ದನ ನೆಲಕ್ಕೆ ಊರೋದೇ ಇಲ್ಲ. ಮುರಿದ ಕಡೆ ಕಾಲು ಜೋತಾಡುತ್ತದೆ. ಮಂಡಿಯಿಂದ ಕೆಳಗೆ, ಚರ್ಮ ಹರಿಯದೆ ಮುರಿದಿದ್ದರೆ ಕೂಡುವ ಆಸೆ ಚೆನ್ನಾಗಿದೆ. ಕರುಗಳಲ್ಲಂತೂ ಇನ್ನೂ ಬೇಗ. ತೊಡೆ ಮೂಳೆ ಮುರಿದ ದೊಡ್ಡ ಎತ್ತಿನದು ಕಷ್ಟ.

ಡಾಕ್ಟರು ಬರುವವರೆಗೆ ಆ ದನವನ್ನು ನಡೆಸಬೇಡಿ. ಹತ್ತಿ ಅಥವಾ ಮೆತ್ತನೆ ಬಟ್ಟೆ ದಪ್ಪಗೆ ಸುತ್ತಿ, ಅದರ ಮೇಲೆ ಬಿದಿರಿನ ದಬ್ಬೆ ನಾಲ್ಕು ಕಡೆ ಇಟ್ಟು ಬಟ್ಟೆಯಲ್ಲಿ ಕಟ್ಟಿ. ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗದ ಹಾಗೆ ದಬ್ಬೆ ಉದ್ದ ಇರಬೇಕು. ಹಗ್ಗ ಬಿಗಿದು ಕಟ್ಟಬೇಡಿ. ರಕ್ತ ಓಡಾಟ ನಿಂತರೆ ಕೆಳಗಿನ ಕಾಲು ತಣ್ಣಗಾಗಿ ಕೊಳೆಯುತ್ತದೆ, ಆಮೇಲೆ ಮೂಳೆ ಕೂಡಿದರೂ ಪ್ರಯೋಜನ ಇಲ್ಲ. ಪಟ್ಟು ಹಾಕಿದ ಮೇಲೆ ಕರುವಿಗೆ ನಾಲ್ಕರಿಂದ ಆರು ವಾರ, ದೊಡ್ಡ ದನಕ್ಕೆ ಅದಕ್ಕಿಂತ ಹೆಚ್ಚು ಬೇಕು.

ಕೆಸರಿನಲ್ಲಿ ಜಾರಿ ಕಾಲು ಅಗಲಿಸಿ ಬಿದ್ದರೆ ತೊಡೆ ಕೀಲು ತಪ್ಪಬಹುದು. ಆ ಕಾಲು ಗಿಡ್ಡ ಕಾಣ್ತದೆ, ಗೊರಸು ಹೊರಕ್ಕೆ ತಿರುಗಿರುತ್ತದೆ. ಅದೇ ದಿನ ಡಾಕ್ಟರು ಸಿಕ್ಕರೆ ಕೂಡಿಸಲು ಸಾಧ್ಯ. ದಿನ ಕಳೆದಂತೆ ಮಾಂಸಖಂಡ ಬಿಗಿದು ಕೂರೋದಿಲ್ಲ.

ಮಂಡಿ ಗಡ್ಡೆಗೆ ಸೂಜಿ ಚುಚ್ಚಬೇಡಿ

ಮುಂಗಾಲ ಮಂಡಿ ಮೇಲೆ ತೆಂಗಿನಕಾಯಿ ಗಾತ್ರದ ಮೆತ್ತನೆ ಗಡ್ಡೆ ನೋಡಿರ್ತೀರಿ. ಹೆಚ್ಚಿನದು ಕಲ್ಲು ಚಪ್ಪಡಿ, ಸಿಮೆಂಟು ನೆಲದ ಮೇಲೆ ಮಲಗಿ ಏಳುವುದರಿಂದ ಬಂದದ್ದು. ಒಳಗೆ ನೀರು. ಎತ್ತಿಗೆ ನೋವೂ ಇರೋದಿಲ್ಲ. ಹುಲ್ಲು, ಮಣ್ಣು, ಗೋಣಿ ಹಾಸಿ ಮೆತ್ತಗೆ ಮಾಡಿದರೆ ಬೆಳೆಯೋದು ನಿಲ್ಲುತ್ತದೆ. ಚುಚ್ಚಿ ನೀರು ತೆಗೆದರೆ ಕೀವಾಗ್ತದೆ, ಕೀಲಿಗೇ ಸೇರಬಹುದು.

ಇದಕ್ಕಿಂತ ಗಂಭೀರ ಕಾರಣ ಇನ್ನೊಂದಿದೆ. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್ ಇದ್ದ ದನಕ್ಕೂ ಮಂಡಿಯಲ್ಲಿ ಇಂಥ ಗಡ್ಡೆ ಬರುತ್ತದೆ. ಆ ನೀರಿನಲ್ಲಿ ರೋಗಾಣು ಇರುತ್ತದೆ, ಮನುಷ್ಯರಿಗೂ ಅಂಟುತ್ತದೆ. ಬಂದು ಹೋಗುವ ಜ್ವರ, ಬೆನ್ನು ನೋವು, ಕೀಲು ನೋವು ತಿಂಗಳುಗಟ್ಟಲೆ ಕಾಡುತ್ತದೆ. ನಿಮ್ಮ ಕೊಟ್ಟಿಗೆಯಲ್ಲಿ ಆಕಳು ಕಂದು ಹಾಕಿದ್ದು, ಎತ್ತಿಗೆ ಮಂಡಿ ಗಡ್ಡೆ, ಮನೆಯವರಿಗೆ ಬಿಡದ ಕೀಲು ನೋವು ಮೂರೂ ಇದ್ದರೆ, ಮನುಷ್ಯರ ಡಾಕ್ಟರಿಗೂ 'ನಮ್ಮಲ್ಲಿ ದನ ಕಂದು ಹಾಕಿದೆ' ಅಂತ ಹೇಳಿ. ರಕ್ತ ಪರೀಕ್ಷೆ ಮಾಡ್ತಾರೆ. ಹಾಲು ಕಾಯಿಸದೆ ಕುಡಿಯಬೇಡಿ.

ಎಳೆಗರುವಿನ ಕೀಲುಗಳು ಬಿಸಿಯಾಗಿ ಊದಿದ್ದರೆ ಹೊಕ್ಕುಳು ನೋಡಿ. ಅಲ್ಲಿಂದ ಸೋಂಕು ಕೀಲಿಗೆ ಇಳಿದಿರುತ್ತದೆ. ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಗೆ ಟಿಂಚರ್ ಹಾಕಿ, ಮೊದಲ ಗಿಣ್ಣುಹಾಲು ಕುಡಿಸಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ದನ ಮೂಳೆ, ಬಟ್ಟೆ, ಚಪ್ಪಲಿ ಅಗಿಯುತ್ತಾ, ಮೈ ಬಿಗಿದು ನಡೆದರೆ ಮೇವಿನಲ್ಲಿ ರಂಜಕದ ಕೊರತೆ. ಬರೀ ಒಣ ಸೊಪ್ಪೆ ತಿನ್ನುವ ನಮ್ಮ ಕಡೆಯ ದನಗಳಿಗೆ ಇದು ಮಾಮೂಲು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು ಕೊಡಿ.

ಹೆಗಲು

ಕಾಲಷ್ಟೇ ಅಲ್ಲ, ಹೆಗಲು ನೋವಿನ ಎತ್ತೂ ಹೆಜ್ಜೆ ತಪ್ಪುತ್ತದೆ. ಜೋಡಿ ಎತ್ತಿನ ಎತ್ತರ ಸಮ ಇಲ್ಲದಿದ್ದರೆ, ನೊಗದಲ್ಲಿ ಗಂಟು, ಬಿರುಕು ಇದ್ದರೆ, ಮಳೆಯಲ್ಲಿ ನೆಂದ ಹೆಗಲಿಗೆ ಹೂಡಿದರೆ ಬಾವು ಬರ್ತದೆ. ಕೆಲಸ ಬಿಟ್ಟ ಮೇಲೆ ದಿನಾ ಹೆಗಲ ಮೇಲೆ ಕೈಯಾಡಿಸಿ. ಬಿಸಿ ಇದ್ದರೆ ತಣ್ಣೀರು ಬಟ್ಟೆ ಹಾಕಿ, ಎರಡು ದಿನ ಬಿಡಿ. ಈಗ ಎರಡು ದಿನ ಬಿಟ್ಟರೆ ಮುಂದೆ ಎರಡು ತಿಂಗಳು ಉಳಿಯುತ್ತದೆ. ನೊಗವನ್ನು ಉಜ್ಜಿ ನುಣುಪು ಮಾಡಿಸಿ.

ನೋವಿನ ಸೂಜಿ

ಔಷಧಿ ಅಂಗಡಿಯಲ್ಲಿ ಮನುಷ್ಯರ ನೋವಿನ ಸೂಜಿಮದ್ದು ತಂದು ಎತ್ತಿಗೆ ಚುಚ್ಚುವ ಚಾಳಿ ಇದೆ. ಡೈಕ್ಲೋಫಿನಾಕ್ ಅನ್ನೋದನ್ನು 2006ರಲ್ಲೇ ದನಗಳಿಗೆ ಕೊಡುವುದು ನಿಷೇಧ ಮಾಡಿದ್ದಾರೆ. ಆ ಮದ್ದು ಚುಚ್ಚಿದ ದನ ಸತ್ತರೆ, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನಾವು ಹುಡುಗರಾಗಿದ್ದಾಗ ಸತ್ತ ದನದ ಸುತ್ತ ಇಳಿಯುತ್ತಿದ್ದ ಹದ್ದುಗಳು ಈಗ ಕಾಣದಿರುವುದಕ್ಕೆ ಇದೇ ದೊಡ್ಡ ಕಾರಣ. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್ ಕೂಡ ನಿಷೇಧ ಆಗಿವೆ. ಮೆಲಾಕ್ಸಿಕಾಮ್ ಅನ್ನೋದು ಹದ್ದಿಗೆ ತೊಂದರೆ ಇಲ್ಲದ ಮದ್ದು, ಅದನ್ನೇ ಬರೆಯಲು ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ಸೂಜಿ ಹಾಕಿದ ಮೇಲೆ ಕುಂಟು ನಿಂತರೆ ವಾಸಿ ಆಯ್ತು ಅಂತಲ್ಲ, ನೋವು ತಿಳಿಯುತ್ತಿಲ್ಲ ಅಂತ. ಆ ಧೈರ್ಯದಲ್ಲಿ ಹೂಡಿದರೆ ಪೆಟ್ಟು ದೊಡ್ಡದಾಗುತ್ತದೆ.

ಮನೆಯಲ್ಲಿ ಇಟ್ಟುಕೊಳ್ಳಿ

ಥರ್ಮಾಮೀಟರ್, ಇಕ್ಕಳ, ಟಿಂಚರ್ ಅಯೋಡಿನ್, ಹತ್ತಿ, ಹಳೇ ಬಟ್ಟೆ, ಮೈಲುತುತ್ತ, ನಾಲ್ಕು ಬಿದಿರ ದಬ್ಬೆ. ಬರೆ ಹಾಕುವವನಿಗೆ ಒಂದು ಸಲ ಕೊಡುವ ದುಡ್ಡಿನ ಆಸುಪಾಸಿನಲ್ಲೇ ಇವೆಲ್ಲ ಆಗ್ತದೆ. ಪಶು ಸಂಜೀವಿನಿ ಗಾಡಿ ಕರೆಯಲು 1962 ನಂಬರನ್ನು ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿಡಿ. ಫೋನಿನಲ್ಲಿ 'ಎತ್ತು ಕುಂಟ್ತಾ ಇದೆ' ಅಂದರೆ ಸಾಲದು. ಯಾವ ಕಾಲು, ಎಂದಿನಿಂದ, ಜ್ವರ ಎಷ್ಟು, ಬಾವು ಎಲ್ಲಿ, ಬಿಸಿಯೋ ತಣ್ಣಗೋ, ಒತ್ತಿದರೆ ಸದ್ದು ಇದೆಯಾ ಇಷ್ಟು ಹೇಳಿ. ಅಷ್ಟು ಹೇಳಿದರೆ ಡಾಕ್ಟರಿಗೆ ಯಾವ ಮದ್ದು ತರಬೇಕು, ಈಗಲೇ ಬರಬೇಕಾ, ಸಂಜೆ ಬಂದರೆ ಸಾಕಾ ಅಂತ ತಿಳಿಯುತ್ತದೆ.

ಎತ್ತಿಗೆ ಬಾಯಿಲ್ಲ, ಆದರೆ ನೋವಿನ ಜಾಗ ಅದು ತೋರಿಸಿಯೇ ತೋರಿಸುತ್ತದೆ. ನಿಮ್ಮ ಕಡೆ ಕುಂಟಿಗೆ ಬೇರೆ ಏನಾದರೂ ಮಾಡಿ ಗುಣ ಕಂಡಿದ್ದರೆ ಪತ್ರಿಕೆಗೆ ಬರೆಯಿರಿ. ಬರೆಯುವಾಗ ಎಷ್ಟು ದಿನ ವಿಶ್ರಾಂತಿ ಕೊಟ್ಟಿದ್ದಿರಿ ಅನ್ನೋದನ್ನೂ ಮರೆಯದೆ ಸೇರಿಸಿ.